ತಿಪ್ಪೆಗುಂಡಿಯಿಂದ ಮಂಡೂರಿನವರೆಗೆ



ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಆತ ಈಗ ಒಂದು ಪುರಸಭೆಯಲ್ಲಿ ಪರಿಸರ ಅಭಿಯಂತರ. ಕಾಫಿ ಕುಡಿಯುತ್ತ, "ಮೇಷ್ಟ್ರೇ, ಪಾಣಿಪತ್ ಕದನದ ಕಾರಣ, ಪರಿಣಾಮಗಳನ್ನೆಲ್ಲ ಬಾಯಿಪಾಠ ಮಾಡಿಸಿದಿರಿ. ನಾನು ದಿನಬೆಳಗಾದರೆ ಕಾದಾಡುವ ಕಸದ ಚರಿತ್ರೆಯನ್ನು ಮಾತ್ರ ಹೇಳಿಕೊಡಲಿಲ್ಲ" ಎಂದು ನಕ್ಕ. ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನು ನಾನು ಎಲ್ಲಿಂದ ತರಲಿ ಎಂದು ಆಗ ತಪ್ಪಿಸಿಕೊಂಡೆ. ಆದರೆ ಅವನು ಹೋದ ಮೇಲೆ ಆ ಮಾತು ಮನಸ್ಸಿನಲ್ಲಿಯೇ ಉಳಿಯಿತು. ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆಗೆದು, ಪತ್ರಿಕೆಗಳಿಂದ ಕತ್ತರಿಸಿಟ್ಟುಕೊಂಡಿದ್ದ ಹಾಳೆಗಳನ್ನು ಹರಡಿಕೊಂಡು ಕುಳಿತೆ. ಈ ಲೇಖನ ಆ ಸಾಲವನ್ನು ತೀರಿಸುವ ಪ್ರಯತ್ನ.

ನನ್ನ ಬಾಲ್ಯದಲ್ಲಿ, ಅಂದರೆ 1960ರ ದಶಕದಲ್ಲಿ, ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ತಿಪ್ಪೆಗುಂಡಿ ಇತ್ತು. ಸಗಣಿ, ಬೂದಿ, ತರಕಾರಿ ಸಿಪ್ಪೆ, ಮುಸುರೆಯಲ್ಲಿ ಹಸು ಬಿಟ್ಟದ್ದು, ಎಲ್ಲವೂ ಅದಕ್ಕೆ. ಯುಗಾದಿ ಕಳೆದ ಮೇಲೆ ಅದನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಒಯ್ಯುತ್ತಿದ್ದರು. ನಮ್ಮ ಕಸ ನಮ್ಮ ಎಲ್ಲೆಯನ್ನು ದಾಟುತ್ತಲೇ ಇರಲಿಲ್ಲ. ಈ ಎಲ್ಲೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಕಸದ ಚರಿತ್ರೆಯೆಂದರೆ ನನ್ನ ದೃಷ್ಟಿಯಲ್ಲಿ ಬಹುಮಟ್ಟಿಗೆ ಎಲ್ಲೆ ದಾಟಿದ ಕಸದ ಚರಿತ್ರೆ.

ಪಟ್ಟಣಗಳಲ್ಲಿ ಹಿತ್ತಲು ಚಿಕ್ಕದು, ಜನ ಹೆಚ್ಚು. ಬೆಂಗಳೂರಿನಲ್ಲಿ 1862ರಲ್ಲಿಯೇ ಪೇಟೆಗೊಂದು, ದಂಡಿಗೊಂದು ಪುರಸಭೆ ಏರ್ಪಟ್ಟವು. ಆದರೂ ಸರ್ಕಾರ ನೈರ್ಮಲ್ಯದ ವಿಷಯದಲ್ಲಿ ನಿಜವಾಗಿ ಬೆಚ್ಚಿಬಿದ್ದದ್ದು 1898ರಲ್ಲಿ ಪ್ಲೇಗ್ ಮಾರಿ ಕಾಲಿಟ್ಟಾಗ. ಮುಂದೆ ದಿವಾನರಾದ ವಿ.ಪಿ. ಮಾಧವರಾಯರು ಆಗ ಮೈಸೂರು ಸಂಸ್ಥಾನದ ಪ್ಲೇಗ್ ಕಮೀಷನರ್ ಆಗಿದ್ದರು. ಮೈಸೂರು ನಗರದಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಊರಿನ ಪುರಸಭೆಯ ಕೈಲಾಗದ್ದಕ್ಕೆ ಅದರ ಮೇಲೆ ಇನ್ನೊಂದು ಅಧಿಕಾರವನ್ನು ತಂದು ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇವು ಸಾಕ್ಷಿ. ಮಾರಿ ಬಂದಾಗ ಮಾತ್ರ ಮೇಲಿನವರ ಕಣ್ಣು ಕೆಳಗೆ ಬೀಳುತ್ತದೆ ಎಂಬುದಕ್ಕೂ ಹೌದು.

ಇಲ್ಲಿ ನಮ್ಮ ನಾಡು ಹೆಮ್ಮೆಪಡಬೇಕಾದ ಒಂದು ಸಂಗತಿಯಿದೆ. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ತಿಂಗಳುಗಟ್ಟಲೆ ಬಿಟ್ಟು ಗೊಬ್ಬರ ಮಾಡುವ ಒಂದು ವಿಧಾನಕ್ಕೆ ಜಗತ್ತಿನ ಕೃಷಿ ಗ್ರಂಥಗಳಲ್ಲಿ 'ಬೆಂಗಳೂರು ವಿಧಾನ' ಎಂದೇ ಹೆಸರು. ಅದನ್ನು 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದವರು ಆಚಾರ್ಯರೆಂಬ ವಿಜ್ಞಾನಿ. ಹೆಚ್ಚು ಆಹಾರ ಬೆಳೆಯಿರಿ ಆಂದೋಲನದ ದಿನಗಳಲ್ಲಿ ಪಟ್ಟಣದ ಕಸದಿಂದ ಗೊಬ್ಬರ ತಯಾರಿಸಲು ಸರ್ಕಾರವೂ ಉತ್ತೇಜನ ಕೊಟ್ಟಿತು. ಕಸದ ವಿಲೇವಾರಿಯಲ್ಲಿ ತನ್ನ ಹೆಸರನ್ನೇ ಲೋಕಕ್ಕೆ ಕೊಟ್ಟ ಊರು ಮುಂದೆ ಕಸದಿಂದಲೇ ಅಪಕೀರ್ತಿ ಹೊತ್ತದ್ದನ್ನು ಏನೆನ್ನೋಣ!

ಆ ಗುಂಡಿಗಳಿಗೆ ಮಲವನ್ನು ಹೊತ್ತವರು ಯಾರೆಂಬುದನ್ನೂ ಇಲ್ಲಿ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಹೊತ್ತವರು ನಾವು ಅಸ್ಪೃಶ್ಯರೆಂದು ಊರ ಹೊರಗಿಟ್ಟಿದ್ದ ಜನ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಲು ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರೇ ಬರಬೇಕಾಯಿತು. ಅದು 1970ರ ದಶಕದ ಆರಂಭ. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಹಿರಿಯರು ಆ ಮಂತ್ರಿಗಳನ್ನು ಹಳಿಯುತ್ತಿದ್ದುದು ಕಿವಿಗೆ ಬೀಳುತ್ತಿತ್ತು. ಏಕೆ ಹಳಿಯುತ್ತಿದ್ದರೆಂದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು.

ಕೇಂದ್ರ ಸರ್ಕಾರದ ಹಣ ದೊಡ್ಡ ನಗರಗಳ ಕಸದತ್ತ ಎದ್ದುಕಾಣುವಂತೆ ಹರಿದದ್ದೂ ಆ ದಶಕದಲ್ಲಿಯೇ. ಯಂತ್ರದಿಂದ ಗೊಬ್ಬರ ಮಾಡುವ ಕಾರ್ಖಾನೆಗಳಿಗೆ ನೆರವು ದೊರೆಯಿತು. ಬೆಂಗಳೂರು, ಬರೋಡಾ, ಜೈಪುರ, ಕಾನ್ಪುರ, ಕಲ್ಕತ್ತಾ ಮೊದಲಾದ ಕಡೆ ಅವು ತಲೆಯೆತ್ತಿದವು. ನಮ್ಮ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದು 1975ರಲ್ಲಿ. ಇಂಥ ಕಾರ್ಖಾನೆಗಳಲ್ಲಿ ಹಲವು ಬೇಗನೆ ಸೊರಗಿದವು. ಗಾಜು, ಕಲ್ಲು, ಪ್ಲಾಸ್ಟಿಕ್ ಎಲ್ಲ ಬೆರೆತ ಕಸ ಯಂತ್ರದ ಬಾಯಿಗೆ ಬೀಳುತ್ತಿತ್ತು. ನಡೆಸುವ ಖರ್ಚು ಗೊಬ್ಬರದ ಬೆಲೆಯನ್ನು ಮೀರುತ್ತಿತ್ತು. ಕಟ್ಟಲು ಅನುದಾನವಿತ್ತು, ನಡೆಸಲು ಇರಲಿಲ್ಲ. ನನ್ನ ವಿದ್ಯಾರ್ಥಿ ಹೇಳಿದ ಅವನೂರಿನ ಕಥೆಯೂ ಇದೇ. ಅನುದಾನದಲ್ಲಿ ಬಂದ ಯಂತ್ರವೊಂದು ಉದ್ಘಾಟನೆಯ ದಿನದ ಹೂಮಾಲೆಯ ದಾರದೊಂದಿಗೆ ಇಂದಿಗೂ ಶೆಡ್ಡಿನಲ್ಲಿ ನಿಂತಿದೆಯಂತೆ. ಐವತ್ತು ವರ್ಷಗಳ ಅಂತರದಲ್ಲಿ ಅದೇ ಪಾಠ, ಅದೇ ಅನುತ್ತೀರ್ಣ ಅಂಕ.

1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಾಡಳಿತಗಳಿಗೆ ಸಾಂವಿಧಾನಿಕ ಸ್ಥಾನವನ್ನು ನೀಡಿ, ಹನ್ನೆರಡನೆಯ ಅನುಸೂಚಿಯಲ್ಲಿ ಘನತ್ಯಾಜ್ಯ ನಿರ್ವಹಣೆಯನ್ನು ಸೇರಿಸಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಸೂರತ್ತಿನ ಪ್ಲೇಗ್. ನಿಮ್ಮಲ್ಲಿ ಆಗ ನನ್ನ ತರಗತಿಯಲ್ಲಿದ್ದವರಿಗೆ ನೆನಪಿರಬಹುದು, ಕೆಲವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಶಾಲೆಗೆ ಬಂದಿದ್ದಿರಿ. ನಾನು ಗದರಿಸಿ ತೆಗೆಸಿದ್ದೆ. ಈಗ ಯೋಚಿಸಿದರೆ ಗದರಿಸಬಾರದಿತ್ತು.

ಬೆಂಗಳೂರಿನ ಹೊರವಲಯದ ಕೊತ್ತನೂರಿನಲ್ಲಿ ವಾಸವಾಗಿದ್ದ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ, ತಮ್ಮ ಮನೆಯ ದಾರಿಯಲ್ಲಿ ನಗರದ ಕಸ ಬಂದು ಬೀಳುವುದನ್ನು ಕಂಡು, ಬೇರೆ ಬೇರೆ ನಗರಗಳನ್ನೂ ಸುತ್ತಿ ನೋಡಿ, 1996ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋದರು. ನ್ಯಾಯಾಲಯ ಅಸೀಮ್ ಬರ್ಮನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1999ರಲ್ಲಿ ವರದಿ ಬಂತು. 2000ದ ಸೆಪ್ಟೆಂಬರಿನಲ್ಲಿ ನಗರ ಘನತ್ಯಾಜ್ಯ ನಿಯಮಗಳು ಹೊರಬಿದ್ದವು. ಊರುಗಳು ತಮ್ಮ ಕಸವನ್ನು ಸಂಸ್ಕರಿಸುವ ಘಟಕಗಳನ್ನು 2003ರ ಡಿಸೆಂಬರ್ 31ರೊಳಗೆ ಸ್ಥಾಪಿಸಬೇಕೆಂಬ ಗಡುವು ಆ ನಿಯಮಗಳಲ್ಲಿತ್ತು.

ಮೇಲುಸ್ತುವಾರಿಯ ಏರ್ಪಾಡನ್ನು ಸ್ವಲ್ಪ ವಿವರಿಸುತ್ತೇನೆ, ಬೇಸರಿಸಬೇಡಿ. ಕಸ ಎತ್ತುವ ಹೊಣೆ ಪುರಸಭೆಯದು. 2000ದ ಆ ನಿಯಮಗಳ ಪ್ರಕಾರ ಜಿಲ್ಲೆಯೊಳಗೆ ಅವುಗಳನ್ನು ಜಾರಿಗೊಳಿಸುವ ಹೊಣೆ ಜಿಲ್ಲಾಧಿಕಾರಿಯದಾಗಿತ್ತು, ಮಹಾನಗರಗಳಲ್ಲಿ ಸರ್ಕಾರದ ನಗರಾಭಿವೃದ್ಧಿ ಕಾರ್ಯದರ್ಶಿಯದಾಗಿತ್ತು. ಘಟಕಕ್ಕೆ ಅಧಿಕಾರಪತ್ರ ಕೊಡುವುದು, ನೀರು, ಗಾಳಿ ಕೆಡದಂತೆ ನೋಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಪುರಸಭೆ ಪ್ರತಿವರ್ಷ ಜೂನ್ 30ರೊಳಗೆ ನಿಗದಿತ ನಮೂನೆಯಲ್ಲಿ ವಾರ್ಷಿಕ ವರದಿ ಒಪ್ಪಿಸಬೇಕಾಗಿತ್ತು. ಕಾಗದದ ಮೇಲೆ ಇದು ಸುಭದ್ರ. ಆದರೆ ಶಾಲಾ ತನಿಖೆಯನ್ನು ಕಂಡ ನನಗೆ ಗೊತ್ತು, ತನಿಖಾಧಿಕಾರಿ ಬರುವ ದಿನ ಕಪ್ಪುಹಲಗೆಯ ಮೇಲೆ ಹಾಜರಾತಿ ಸದಾ ಪೂರ್ಣವೇ ಇರುತ್ತದೆ!

ನಿಯಮ ಬಂದ ಮೇಲೆ ಹಣವೂ ಬಂತು. ಸಿ. ರಂಗರಾಜನ್ ಅಧ್ಯಕ್ಷತೆಯ 12ನೆಯ ಹಣಕಾಸು ಆಯೋಗ 2005ರಿಂದ 2010ರ ಅವಧಿಗೆ ದೇಶದ ಪಂಚಾಯಿತಿಗಳಿಗೆ 20,000 ಕೋಟಿ, ನಗರ ಸಂಸ್ಥೆಗಳಿಗೆ 5,000 ಕೋಟಿ ರೂಪಾಯಿ ಅನುದಾನವನ್ನು ಶಿಫಾರಸು ಮಾಡಿ, ನಗರಗಳ ಪಾಲಿನಲ್ಲಿ ಕನಿಷ್ಠ ಅರ್ಧವನ್ನು ಘನತ್ಯಾಜ್ಯಕ್ಕೆ ಮೀಸಲಿಡಬೇಕೆಂದಿತು. ಕಸದ ಹೆಸರಿನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಬೇರೆಯಾಗಿ ಎತ್ತಿಟ್ಟದ್ದನ್ನು ನಾನು ಅದಕ್ಕೆ ಮೊದಲು ಓದಿದ್ದಿಲ್ಲ. ಮುಂದೆ 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿಯೂ ಕಸದ ಯೋಜನೆಗಳಿಗೆ ಕೇಂದ್ರದ ಪಾಲು ಇತ್ತು. 15ನೆಯ ಆಯೋಗವೂ ತನ್ನ ಅನುದಾನದ ಒಂದು ಭಾಗವನ್ನು ನೈರ್ಮಲ್ಯ, ಕಸಗಳಿಗೆಂದು ಕಟ್ಟಿಹಾಕಿತು.

ಈಗ ನಾನು ಮೊದಲು ಹೇಳಿದ ಎಲ್ಲೆಯ ಮಾತಿಗೆ ಬರೋಣ. ನಗರದ ಕಸ ಕೊನೆಗೆ ಬಿದ್ದದ್ದೆಲ್ಲಿ? ನಗರದ ಎಲ್ಲೆಯ ಆಚೆ, ಯಾವುದೋ ಗ್ರಾಮ ಪಂಚಾಯಿತಿಯ ನೆಲದಲ್ಲಿ. 73ನೆಯ ತಿದ್ದುಪಡಿ ಆ ಪಂಚಾಯಿತಿಗೂ ಅಷ್ಟೇ ಸಾಂವಿಧಾನಿಕ ಗೌರವವನ್ನು ಕೊಟ್ಟಿದೆ. ಆದರೆ ಅನುದಾನದ ಸೂತ್ರದಲ್ಲಿ ಇದ್ದದ್ದು ಕಸ ಕಳುಹಿಸುವ ಊರಿನ ಹೆಸರು. ಕಸ ಬಂದು ಬೀಳುವ ಊರಿಗೆಂದು ಅದರಲ್ಲಿ ಬೇರೆ ಬಾಬ್ತು ಇರಲಿಲ್ಲ. ಇಬ್ಬರ ನಡುವೆ ಪಂಚನಾಗಿ ನಿಲ್ಲಬೇಕಾದವನು ಜಿಲ್ಲಾಧಿಕಾರಿ. ಜಾಗ ಹುಡುಕಿಕೊಡಬೇಕಾದವನೂ ಅವನೇ. ಪಂಚನೇ ಒಂದು ಪಕ್ಷದ ಪರವಾಗಿ ಜಮೀನು ಹುಡುಕಲು ಹೊರಟರೆ ಇನ್ನೊಂದು ಪಕ್ಷ ಯಾರಿಗೆ ದೂರು ಕೊಡಬೇಕು?

ಯಲಹಂಕದ ಆಚೆಯ ಮಾವಳ್ಳಿಪುರ ಇದಕ್ಕೊಂದು ಉತ್ತರ ಕೊಟ್ಟಿತು. ಕೆಟ್ಟ ನೀರು, ದುರ್ವಾಸನೆಗಳ ವಿರುದ್ಧ ಗ್ರಾಮಸ್ಥರು ದೀರ್ಘಕಾಲ ಹೋರಾಡಿ, 2012ರಲ್ಲಿ ಅಲ್ಲಿಯ ಭೂಭರ್ತಿ ಮುಚ್ಚಿತು. ಕೂಡಲೇ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಗುಡ್ಡೆಗಟ್ಟಿತು. ಆ ವರ್ಷದ ಅಕ್ಟೋಬರ್ 1ರಿಂದ ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸುವುದನ್ನು ಪಾಲಿಕೆ ಕಡ್ಡಾಯ ಮಾಡಿತು. ಮಾತಿನಲ್ಲಿ ಕಡ್ಡಾಯ, ಲಾರಿಯಲ್ಲಿ ಮಾತ್ರ ಎರಡೂ ಒಂದಾಗುತ್ತಿದ್ದವು. ಭಾರವೆಲ್ಲ ಪೂರ್ವದಿಕ್ಕಿನ ಮಂಡೂರಿನ ಮೇಲೆ ಬಿತ್ತು. ಅಲ್ಲಿ ಕಸದಿಂದ ವಿದ್ಯುತ್ ತಯಾರಿಸುವ ಮಾತಿತ್ತು. ಬೆಟ್ಟ ಬೆಳೆಯಿತು, ವಿದ್ಯುತ್ ಬರಲಿಲ್ಲ. ಊರಿನವರು ಲಾರಿಗಳಿಗೆ ಅಡ್ಡ ನಿಂತರು. ಸರ್ಕಾರ ಗಡುವು ಕೇಳಿತು, ಮಾತು ಕೊಟ್ಟಿತು, ಕೊನೆಗೆ 2014ರ ಡಿಸೆಂಬರಿನಿಂದ ಮಂಡೂರಿಗೆ ಕಸ ಹೋಗುವುದು ನಿಂತಿತು.

ಆ ವರ್ಷಗಳಲ್ಲಿ ನಾನೊಮ್ಮೆ ಮದುವೆಯೊಂದಕ್ಕೆ ಆ ದಾರಿಯಲ್ಲಿ ಹೋಗಿದ್ದೆ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿ ಮುಚ್ಚಿದರು. ಪಕ್ಕದಲ್ಲಿ ಕುಳಿತಿದ್ದ ಆ ಕಡೆಯ ಹೆಂಗಸೊಬ್ಬರು, "ನೀವೇನೋ ಕಿಟಕಿ ಮುಚ್ತೀರಿ ಸ್ವಾಮಿ, ನಾವು ಊರಿಗೆ ಊರನ್ನೇ ಎಲ್ಲಿ ಮುಚ್ಚೋಣ?" ಎಂದರು. ಮದುವೆಯೂಟದ ಎಲೆಗಳೆಲ್ಲ ಆ ರಾತ್ರಿ ಎಲ್ಲಿಗೆ ಹೋದವೋ ಎಂದು ಊಟದ ಮಧ್ಯೆ ನನಗೆ ಯೋಚನೆ ಬಂತು. ಸರಿಯಾಗಿ ಊಟ ಸೇರಲಿಲ್ಲ.

ನಿಯಮಗಳನ್ನು 2016ರ ಏಪ್ರಿಲ್‌ನಲ್ಲಿ ಹೊಸದಾಗಿ ರಚಿಸಿದರು. ಜಿಲ್ಲಾಧಿಕಾರಿ ಮೂರು ತಿಂಗಳಿಗೊಮ್ಮೆಯಾದರೂ ಪರಿಶೀಲನೆ ನಡೆಸಬೇಕೆಂದೂ, ಸಣ್ಣ ಪಟ್ಟಣಗಳು ಒಟ್ಟುಗೂಡಿ ಪ್ರಾದೇಶಿಕ ಭೂಭರ್ತಿಯನ್ನು ಹೊಂದಬಹುದೆಂದೂ ಅವು ಹೇಳಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಘನ, ದ್ರವ ತ್ಯಾಜ್ಯಗಳ ನಿರ್ವಹಣೆಯ ವೈಫಲ್ಯಕ್ಕಾಗಿ ಕರ್ನಾಟಕ ಸರ್ಕಾರದ ಮೇಲೆ 2,900 ಕೋಟಿ ರೂಪಾಯಿ ಪರಿಸರ ಪರಿಹಾರವನ್ನು ವಿಧಿಸಿತು. 12ನೆಯ ಆಯೋಗ ಐದು ವರ್ಷಗಳಿಗೆ ಇಡೀ ದೇಶದ ನಗರಗಳ ಕಸಕ್ಕೆ ಮೀಸಲಿಡಿಸಿದ ಕನಿಷ್ಠ ಮೊತ್ತ 2,500 ಕೋಟಿ. ರೂಪಾಯಿಯ ಬೆಲೆ ಬದಲಾಗಿದೆ ನಿಜ, ಆದರೂ ಲೆಕ್ಕದ ಮೇಷ್ಟ್ರಲ್ಲದ ನನಗೂ ಈ ಎರಡು ಅಂಕಿಗಳು ಒಟ್ಟಿಗೆ ಕಂಡಾಗ ತಲೆ ತಿರುಗಿತು. ಅದೇ ವರ್ಷ ಜುಲೈನಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು, ಬಳಿಕ 11,133 ಮಂದಿಯನ್ನು ಕಾಯಂಗೊಳಿಸಲು ಸಚಿವ ಸಂಪುಟ ಒಪ್ಪಿತು. ಅಷ್ಟೂ ಅನುದಾನಗಳ ಕಾಲದಲ್ಲಿ ಬೆಳಗಿನ ಜಾವ ಪೊರಕೆ ಹಿಡಿದವರ ಕೆಲಸ ಹಂಗಾಮಿಯಾಗಿಯೇ ಇತ್ತೆಂಬುದು ಇದರಿಂದ ನಿಮಗೆ ತಿಳಿದೀತು.

ನನ್ನ ವಿದ್ಯಾರ್ಥಿ ಅಂದು ಹೊರಡುವಾಗ ಬಂದ ನಿಜವಾದ ಕಾರಣವನ್ನು ಹೇಳಿದ. ಅವನ ಪುರಸಭೆ ಮತ್ತು ನೆರೆಯ ಎರಡು ಪಟ್ಟಣಗಳಿಗೆ ಸೇರಿ ಒಂದೇ ಜಾಗವನ್ನು ಗುರುತಿಸಿದ್ದಾರೆ. ಆ ಗ್ರಾಮದ ಸಭೆಯಲ್ಲಿ ಇವನು ಮಾತನಾಡಬೇಕು. "ಏನು ಹೇಳಲಿ ಮೇಷ್ಟ್ರೇ?" ಎಂದ. ಹಸಿ ಕಸವನ್ನು ನಿಮ್ಮ ಊರಿನ ಎಲ್ಲೆಯೊಳಗೇ ಗೊಬ್ಬರ ಮಾಡುತ್ತೀರಾ ಎಂದು ಕೇಳಿದೆ. ಅರ್ಧ ಮಾಡುತ್ತೇವೆ ಎಂದ. ಹಾಗಾದರೆ ಅರ್ಧ ಎಂದೇ ಅವರಿಗೆ ಹೇಳು, ಪೂರ್ಣ ಎನ್ನಬೇಡ, ಸಭೆಗೆ ಮುಂಚೆ ಒಮ್ಮೆ ಮಂಡೂರಿಗೆ ಹೋಗಿ ಅಲ್ಲಿಯವರನ್ನು ಮಾತನಾಡಿಸಿ ಬಾ ಎಂದೆ.

ಮೊನ್ನೆ ದೂರವಾಣಿ ಮಾಡಿದ್ದ. ಹೋಗಿ ಬಂದನಂತೆ. ಗ್ರಾಮಸಭೆಯನ್ನು ಮುಂದೂಡಿಸಿ, ಮೊದಲು ಉಳಿದ ಅರ್ಧಕ್ಕೆ ಗುಂಡಿ ತೋಡಿಸುತ್ತಿದ್ದಾನಂತೆ. ಯಂತ್ರ ಬೇಡ, ಹಳೆಯ ಬೆಂಗಳೂರು ವಿಧಾನದ ಅಳತೆಗಳು ಎಲ್ಲಿ ಸಿಗುತ್ತವೆ ಎಂದು ಕೇಳಿದ. ಹುಡುಕುತ್ತಿದ್ದೇನೆ.