ಕಿಟಕಿಯ ಆಚೆಯಿಂದ ಕಂಡ ಟೀವಿ

ಹಳೆಯ ಟೀವಿ ಧಾರಾವಾಹಿಗಳ ಬಗ್ಗೆ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ಆ ಕಾಲ ಎಷ್ಟು ಚೆನ್ನಾಗಿತ್ತು, ಊರಿಗೆ ಊರೇ ಒಂದು ಟೀವಿ ಮುಂದೆ ಕೂರ್ತಿತ್ತು, ಆಗ ಜಾತಿಗೀತಿ ಯಾರೂ ನೋಡ್ತಿರಲಿಲ್ಲ ಅಂತ. ಈ ಮಾತನ್ನು ಆಡುವವರು ಒಳಗೆ ಕೂತು ನೋಡಿದವರು. ನಾವು ಜಿಗಣಿಯ ಕೇರಿಯವರು. ನಾವು ನೋಡಿದ್ದು ಕಿಟಕಿಯ ಆಚೆ ನಿಂತು. ಆದ್ದರಿಂದ ನಮ್ಮ ನೆನಪಿನ ಚರಿತ್ರೆಯೇ ಬೇರೆ. ಅದನ್ನು ನಾವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಮೊದಲು ಈ ಟೀವಿ ನಮ್ಮ ನಾಡಿಗೆ ಹೇಗೆ ಬಂತು ಅನ್ನೋದನ್ನು ನೋಡಬೇಕು. ಕರ್ನಾಟಕದಲ್ಲಿ ಟೀವಿ ಮೊದಲು ಬೆಳಗಿದ್ದು ಬೆಂಗಳೂರಿನ ಶ್ರೀಮಂತರ ಬಂಗಲೆಗಳಲ್ಲಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ಅದಕ್ಕೆ ಸೈಟ್ ಪ್ರಯೋಗ ಅಂತ ಹೆಸರು. ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಬಡ ಹಳ್ಳಿಗಳನ್ನು. ಸೆಟ್ಟನ್ನು ಸಾರ್ವಜನಿಕ ಜಾಗದಲ್ಲಿಟ್ಟು ಬೇಸಾಯ, ಆರೋಗ್ಯ, ಮಕ್ಕಳ ಪಾಠದ ಕಾರ್ಯಕ್ರಮ ತೋರಿಸಿದರು. ವರ್ಷ ಮುಗಿಯಿತು, ಉಪಗ್ರಹವನ್ನು ಅದರ ಒಡೆಯರು ವಾಪಸ್ ತಗೊಂಡರು. ಆದರೂ ಒಂದು ಮಾತು ಉಳಿಯಿತು. ಟೀವಿ ಅಂದರೆ ಊರ ಆಸ್ತಿ, ಯಾರ ಮನೆಯ ಸೊತ್ತೂ ಅಲ್ಲ ಅನ್ನುವ ಯೋಚನೆ ಈ ದೇಶದಲ್ಲಿ ಒಂದು ಸಲವಾದರೂ ಹುಟ್ಟಿತ್ತು.

ಮುಂದೆ ಆದದ್ದೇ ಬೇರೆ. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಬಂತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಅಂತ ಬಣ್ಣ ಬಂತು. 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ನಿಲ್ಲಿಸಿದರು. ಅಂಥ ಟ್ರಾನ್ಸ್‌ಮಿಟರುಗಳನ್ನು ಮಾಡಿಕೊಟ್ಟದ್ದರಲ್ಲಿ ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯ ಕಾರ್ಮಿಕರ ಕೈಯೂ ಇತ್ತು. ಅದೇ ವರ್ಷ 'ಹಮ್ ಲೋಗ್' ಶುರುವಾಯಿತು. ಸಣ್ಣ ಸಂಸಾರದ ಬುದ್ಧಿ ಹೇಳಬೇಕು ಅಂತ ಸರ್ಕಾರ ಮಾಡಿಸಿದ ಕತೆ, ಅದರ ಬೆನ್ನಿಗೇ ಮ್ಯಾಗಿ ಜಾಹೀರಾತು. ಊರ ಆಸ್ತಿಯಾಗಬೇಕಿದ್ದ ಪೆಟ್ಟಿಗೆ ಉಳ್ಳವರ ನಡುಮನೆ ಸೇರಿತು. ಅದರ ಪಾಲಿಗೆ ಜನ ಅಂದರೆ ಸಾಮಾನು ಕೊಳ್ಳುವವರು ಅಂತಾಯಿತು.

ನಮ್ಮ ಜಿಗಣಿಗೆ ಬರೋಣ. ಇವತ್ತು ಜಿಗಣಿ ಅಂದರೆ ಕೈಗಾರಿಕಾ ಪ್ರದೇಶ, ಗ್ರಾನೈಟು ಕೊಯ್ಯುವ ಶೆಡ್ಡುಗಳು, ಬೊಮ್ಮಸಂದ್ರದ ಲಿಂಕ್ ರೋಡು, ಸಾಲು ಲಾರಿ. ಆಗ ಆನೇಕಲ್ ತಾಲ್ಲೂಕಿನ ಒಂದು ಊರು. ರಾಗಿ ಹೊಲ, ಕೆರೆ, ಆಚೆ ಬನ್ನೇರುಘಟ್ಟದ ಕಾಡು. ನಮ್ಮ ಅಪ್ಪಂದಿರು ಬಂಡೆ ಒಡೆಯೋರು, ಅವ್ವಂದಿರು ಜಲ್ಲಿ ಕುಟ್ಟೋರು. 1987ರ ಜನವರಿ 25ರ ಭಾನುವಾರ ರಮಾನಂದ ಸಾಗರರ 'ರಾಮಾಯಣ' ಶುರುವಾದಾಗ ಊರಲ್ಲಿ ಟೀವಿ ಇದ್ದದ್ದು ಬೆರಳೆಣಿಕೆ ಮನೆಗಳಲ್ಲಿ. ಅದರಲ್ಲೊಂದು ಮೇಲ್ಜಾತಿಯ ಯಜಮಾನರ ಮನೆ. ಭಾನುವಾರ ಬೆಳಗ್ಗೆ ಆ ಮನೆಯಲ್ಲಿ ಟೀವಿಗೆ ಹೂವಿನ ಹಾರ, ಊದುಬತ್ತಿ. ಅವರ ಜನ ಚಾಪೆ ಮೇಲೆ. ನಡುವಿನ ಜಾತಿಯೋರು ಜಗಲಿ ಮೇಲೆ. ನಾವು ಹಟ್ಟಿ ಮಕ್ಕಳು ಬೀದಿಯಲ್ಲಿ, ಕಿಟಕಿ ಸರಳು ಮುಟ್ಟದ ಹಾಗೆ.

"ಲೇ, ಸರಳು ಹಿಡೀಬೇಡ್ರೋ, ನಿಂತ್ಕಂಡು ನೋಡ್ರಿ ಸಾಕು" ಅಂತ ಒಳಗಿಂದ ಕೂಗು. ಹಿಂದಿ ನಮಗೆ ಬರ್ತಿರಲಿಲ್ಲ. ಬಾಣದ ಬೆಂಕಿ ಕಾಣ್ತಿತ್ತು, ರಾಕ್ಷಸರು ಬೀಳೋದು ಕಾಣ್ತಿತ್ತು. ಮೈ ಕಪ್ಪಗಿರೋರೆಲ್ಲ ಯಾಕಪ್ಪಾ ಬೀಳ್ತಾವ್ರೆ ಅಂತ ನಮ್ಮಲ್ಲೊಬ್ಬ ಹುಡುಗ ಕೇಳಿದ. ದೊಡ್ಡೋರು ಬಾಯಿ ಮುಚ್ಚಿಸಿದರು. ಮುಗಿದ ಮೇಲೆ ಒಳಗಿನವರಿಗೆ ಪ್ರಸಾದ. ನಮಗೂ ಕೊಟ್ಟರು. ಮೇಲಿಂದ ಕೈಗೆ ಹಾಕಿದರು.

ಇಷ್ಟೇ ಆಗಿದ್ದರೆ ಇದು ಬರೀ ನಮ್ಮ ಗೋಳಿನ ಕತೆಯಾಗುತ್ತಿತ್ತು. ಆದರೆ ಅದೇ 'ರಾಮಾಯಣ'ದ ಬಗ್ಗೆ ನಾವು ದೊಡ್ಡವರಾದ ಮೇಲೆ ತಿಳಿದ ಒಂದು ಸಂಗತಿ ಇದೆ. ಧಾರಾವಾಹಿ 1988ರ ಜುಲೈ 31ಕ್ಕೆ ಮುಗಿಯಿತು. ಪಟ್ಟಾಭಿಷೇಕಕ್ಕೇ ಕತೆ ನಿಂತಿತು, ಉತ್ತರಕಾಂಡ ಬರಲಿಲ್ಲ. ಆಗ ಪಂಜಾಬಿನ ಜಲಂಧರದಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಅವರು ವಾಲ್ಮೀಕಿಯನ್ನು ತಮ್ಮ ಹಿರೀಕ ಅಂತ ನಂಬಿದ ಜನ. ವಾಲ್ಮೀಕಿ ಆಶ್ರಮದ ಕತೆ, ಸೀತೆಗೆ ಆಸರೆ ಕೊಟ್ಟ ಕತೆ ತೋರಿಸಲೇಬೇಕು ಅಂತ ಹಟ ಹಿಡಿದರು. ಮುಷ್ಕರ ಉತ್ತರದ ಬೇರೆ ಊರುಗಳಿಗೂ ಹಬ್ಬಿತು. ಬೀದಿಗಳಲ್ಲಿ ಕಸ ಕೊಳೆಯಿತು. ಕೊನೆಗೆ ಪ್ರಭುತ್ವ ಬಗ್ಗಿತು, ಉತ್ತರ ರಾಮಾಯಣ ತೆರೆಗೆ ಬಂತು. ಈ ದೇಶದಲ್ಲಿ ಟೀವಿ ಕತೆಯ ಮುಂದಿನ ಭಾಗವನ್ನು ಮುಷ್ಕರ ಮಾಡಿ ಪಡೆದವರು ಕಸ ಗುಡಿಸುವವರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಶಂಬೂಕನ ವಧೆಯೂ ಇರುವುದು ಅದೇ ಉತ್ತರಕಾಂಡದಲ್ಲಿ. ತಪಸ್ಸು ಮಾಡಿದ ತಪ್ಪಿಗೆ ತಲೆ ಕಳಕೊಂಡ ಶೂದ್ರ ಅವನು. ಅವನನ್ನು ಹಿಡಿದು ಕುವೆಂಪು 1944ರಲ್ಲೇ 'ಶೂದ್ರ ತಪಸ್ವಿ' ಬರೆದಿದ್ದರು. ಪೌರಕಾರ್ಮಿಕರ ಅಭಿಮಾನಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಕತೆಯೊಳಗೆ ಜಾಗ ಕೇಳಿ ಹೋದ ನಮ್ಮವರಿಗೆ ಅಲ್ಲಿ ಕಾದಿದ್ದದ್ದು ಕತ್ತಿ ಕೂಡ ಅನ್ನೋದನ್ನು ಮರೆಯಬಾರದು.

2020ರ ಮಾರ್ಚ್ 28ರಂದು, ಲಾಕ್‌ಡೌನ್ ಶುರುವಾದ ನಾಲ್ಕನೇ ದಿನ, ಜನರ ಬೇಡಿಕೆ ಅಂತ ಹೇಳಿ ಅದೇ 'ರಾಮಾಯಣ'ವನ್ನು ಮತ್ತೆ ಹಾಕಿದರು. ಯಾವ ಜನ? ಜಿಗಣಿಯ ಶೆಡ್ಡುಗಳಲ್ಲಿ ಕಲ್ಲು ಕೊಯ್ಯುತ್ತಿದ್ದ ಬಿಹಾರ, ಒಡಿಶಾದ ಹುಡುಗರು ಆಗ ಕೂಲಿಯಿಲ್ಲದೆ, ಅಕ್ಕಿಯಿಲ್ಲದೆ ಕೂತಿದ್ದರು. ಮೇ ತಿಂಗಳಲ್ಲಿ ಅವರ ಊರಿಗೆ ಹೋಗುವ ರೈಲು ಬೇಡ ಅಂತ ರಾಜ್ಯ ಸರ್ಕಾರವೇ ಹೇಳಿತು. ಎಲ್ಲ ಕಡೆಯಿಂದ ಉಗಿಸಿಕೊಂಡ ಮೇಲೆ ಹಿಂದೆ ಸರಿಯಿತು. ಅಷ್ಟರಲ್ಲಿ ಎಷ್ಟೋ ಜನ ನಡೆದೇ ಹೊರಟಿದ್ದರು. ಒಳಗೆ ಕೂತವರಿಗೆ ವನವಾಸದ ಕತೆ ಟೀವಿಯಲ್ಲಿ, ಹೊರಗಿನವರಿಗೆ ರಸ್ತೆಯಲ್ಲಿ. ಮೂವತ್ಮೂರು ವರ್ಷವಾದರೂ ಕಿಟಕಿ ಅಲ್ಲೇ ಇತ್ತು.

ಹಾಗಾದರೆ ಹಳೆಯದನ್ನು ನಾವು ಮತ್ತೆ ನೋಡಬಾರದೇ? ನೋಡಬೇಕು. ಯಾವುದನ್ನು, ಯಾಕೆ ಅನ್ನುವುದನ್ನು ನಾವೇ ತೀರ್ಮಾನಿಸಬೇಕು.

ಮೊದಲನೆಯದು 'ಸದ್ಗತಿ'. ಪ್ರೇಮಚಂದರ ಕತೆ, ಸತ್ಯಜಿತ್ ರಾಯ್ 1981ರಲ್ಲಿ ದೂರದರ್ಶನಕ್ಕೆ ಮಾಡಿದ್ದು. ಒಂದು ಗಂಟೆಯೂ ಇಲ್ಲ. ಚಮ್ಮಾರ ದುಃಖಿ ಮಗಳ ಮದುವೆಗೆ ಮುಹೂರ್ತ ಕೇಳಲು ಬ್ರಾಹ್ಮಣನ ಮನೆಗೆ ಹೋಗುತ್ತಾನೆ. ಹಸಿದ ಹೊಟ್ಟೆಯಲ್ಲಿ ಮರದ ದಿಮ್ಮಿ ಒಡೆಸುತ್ತಾರೆ. ಒಡೆಯುತ್ತಾ ಒಡೆಯುತ್ತಾ ಸಾಯುತ್ತಾನೆ. ಹೆಣ ಎತ್ತಲು ಅವನ ಕೇರಿಯವರು ಬರುವುದಿಲ್ಲ. ಮುಟ್ಟಬಾರದ ಆ ಹೆಣದ ಕಾಲಿಗೆ ಹಗ್ಗ ಕಟ್ಟಿ ಬ್ರಾಹ್ಮಣನೇ ಎಳೆದೊಯ್ಯುತ್ತಾನೆ. ಓಂ ಪುರಿ ದುಃಖಿ, ಸ್ಮಿತಾ ಪಾಟೀಲ್ ಅವನ ಹೆಂಡತಿ. ನಮ್ಮ ಕೇರಿಯಲ್ಲಿ ಇದನ್ನು ಹಾಕಿದಾಗ ಬಂಡೆ ಒಡೆದು ದಮ್ಮು ಹತ್ತಿದ ಒಬ್ಬ ಮುದುಕ, "ಆ ದಿಮ್ಮಿ ಅಲ್ಲ ಕಣ್ರಲಾ, ನಮ್ಮ ಬಂಡೆನೂ ಹಂಗೇಯ, ನಾವು ಮುಗಿಯೋಗಂಟ ಅದು ಮುಗಿಯಾಕಿಲ್ಲ" ಅಂದ. ಹಿಂದಿ ಅವನಿಗೆ ಒಂದಕ್ಷರ ಬರುವುದಿಲ್ಲ.

ಎರಡನೆಯದು 'ತಮಸ್', 1988. ಭೀಷ್ಮ ಸಾಹನಿಯವರ ಕಾದಂಬರಿ, ಗೋವಿಂದ ನಿಹಲಾನಿ ನಿರ್ದೇಶನ. ಇಲ್ಲೂ ಓಂ ಪುರಿಯೇ, ಇಲ್ಲೂ ಚರ್ಮದ ಕೆಲಸದವನೇ, ಹೆಸರು ನತ್ಥು. ದನದ ಡಾಕ್ಟರಿಗೆ ಬೇಕು ಅಂತ ಸುಳ್ಳು ಹೇಳಿ ಅವನ ಕೈಲಿ ಹಂದಿ ಕೊಲ್ಲಿಸುತ್ತಾರೆ. ಬೆಳಗಾದರೆ ಅದು ಮಸೀದಿ ಮೆಟ್ಟಿಲ ಮೇಲೆ. ಊರು ಹೊತ್ತಿ ಉರಿಯುತ್ತದೆ. ಇದರ ಪ್ರಸಾರ ನಿಲ್ಲಿಸಬೇಕು ಅಂತ ಕೋರ್ಟಿಗೂ ಹೋದರು. ಮುಂಬಯಿ ಹೈಕೋರ್ಟೂ ಸುಪ್ರೀಂ ಕೋರ್ಟೂ ನಿಲ್ಲಿಸಲಿಲ್ಲ. ಗಲಭೆಗೆ ನಮ್ಮ ಹುಡುಗರ ಕೈ ಬಾಡಿಗೆಗೆ ಬೇಕು, ಅದರ ಲಾಭದಲ್ಲಿ ನಮಗೆ ಪಾಲಿಲ್ಲ. ಹಣ ಕೊಟ್ಟು ಕಲ್ಲು ಕೈಗಿಡುವವರು ಇವತ್ತೂ ಕೇರಿಗೆ ಬರುತ್ತಾರೆ. ಅವರು ಬರುವ ಮೊದಲು ನಮ್ಮ ಹುಡುಗರು ನತ್ಥುವನ್ನು ನೋಡಿರಬೇಕು.

ಮೂರನೆಯದು ನಮ್ಮ ಶಂಕರನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್', 1986ರದ್ದು. ಎಲ್ಲರೂ ಸ್ವಾಮಿಯನ್ನು, ಆ ಹಾಡಿನ ರಾಗವನ್ನು ನೆನೆಯುತ್ತಾರೆ. ನೆನೆಯಲಿ, ಚೆನ್ನಾಗಿದೆ. ನಾವು ನೋಡಬೇಕಾದ್ದು 'ಲೀಲಾಸ್ ಫ್ರೆಂಡ್' ಅನ್ನುವ ಕತೆ. ಮನೆಯ ಮಗು ಲೀಲಾಳಿಗೆ ಆಳು ಸಿದ್ದ ಅಂದರೆ ಪ್ರಾಣ. ಮಗುವಿನ ಸರ ಕಾಣುವುದಿಲ್ಲ, ಸಿದ್ದನೇ ಕಳ್ಳ ಅಂತಾಗುತ್ತದೆ. ಸರ ಮನೆಯ ಹುಣಸೆಹಣ್ಣಿನ ಪಾತ್ರೆಯಲ್ಲೇ ಸಿಗುತ್ತದೆ. ಸಿಕ್ಕ ಮೇಲೂ ಯಜಮಾನನ ಮನಸ್ಸಲ್ಲಿ ಅವನು ಕಳ್ಳನೇ. ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಿಗೆ ನಮ್ಮ ಹೆಣ್ಣುಮಕ್ಕಳು ಪಾತ್ರೆ ತೊಳೆಯಲು ಹೋಗುತ್ತಾರೆ. ವಾಪಸ್ ಬರುವಾಗ ಗೇಟಿನಲ್ಲಿ ಬ್ಯಾಗು ತೆಗೆದು ತೋರಿಸುತ್ತಾರೆ. ಸಿದ್ದನ ಕತೆ ಅವರಿಗೆ ಹೊಸದಲ್ಲ.

ಕೊನೆಯದು ಅಷ್ಟು ಹಳೆಯದಲ್ಲ. 2020ರ ಜುಲೈನಲ್ಲಿ ಬಾಬಾಸಾಹೇಬರ ಬದುಕಿನ ಹಿಂದಿ ಧಾರಾವಾಹಿ 'ಮಹಾನಾಯಕ' ಅಂತ ಜೀ ಕನ್ನಡದಲ್ಲಿ ಕನ್ನಡಕ್ಕೆ ಬಂತು. ನಾಡಿನ ಎಷ್ಟೋ ಊರುಗಳಲ್ಲಿ ಕೇರಿಯವರು ಸ್ವಂತ ದುಡ್ಡಿನಲ್ಲಿ ಫ್ಲೆಕ್ಸ್ ಕಟ್ಟಿಸಿದರು. ನಿಲ್ಲಿಸಿ ಅಂತ ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆಗಳೂ ಬಂದವು. ಅದರಲ್ಲಿ ಉತ್ಪ್ರೇಕ್ಷೆ ಇದೆ, ಕಣ್ಣೀರು ಜಾಸ್ತಿ, ಬಾಬಾಸಾಹೇಬರ ವಾದದ ಮೊನಚು ಕಡಿಮೆ. ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಗೋಣಿತಟ್ಟಿನ ಮೇಲೆ ಬೇರೆ ಕೂತ ಹುಡುಗ ಭೀಮನನ್ನು ನಮ್ಮ ಮಕ್ಕಳು ನಮ್ಮ ಭಾಷೆಯಲ್ಲಿ, ನಮ್ಮ ಹಟ್ಟಿಯ ಮುಂದೆ, ನೆಲದ ಮೇಲೆ ಕಾಲು ಚಾಚಿ ಕೂತು ನೋಡಿದರು. ಯಾರೂ ಸರಳು ಮುಟ್ಟಬೇಡಿ ಅನ್ನಲಿಲ್ಲ. ಆವತ್ತು ಊರ ಕಡೆಯ ಇಬ್ಬರು ಹುಡುಗರು ಬಂದು ದೂರ ನಿಂತಿದ್ದರು. ನಮ್ಮವ್ವಂದಿರು, "ಯಾಕ್ರಪ್ಪಾ ಅಲ್ಲಿ ನಿಂತಿದ್ದೀರಾ, ಬನ್ನಿ ಕೂತ್ಕಳಿ" ಅಂತ ಜಾಗ ಬಿಟ್ಟರು.

ಈಗ ಇವುಗಳಲ್ಲಿ ಹಲವು ಫೋನಿನಲ್ಲೇ ಸಿಗುತ್ತವೆ. ಆದರೆ ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ನೋಡಿದರೆ ಪ್ರಯೋಜನವಿಲ್ಲ. ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿ, ಭಾನುವಾರ ಸಂಜೆ ಎಲ್ಲರೂ ಸೇರಿ ನೋಡೋಣ, ಆಮೇಲೆ ಮಾತಾಡೋಣ. ಗ್ರಾನೈಟ್ ಶೆಡ್ಡಿನ ಬಿಹಾರಿ, ಒಡಿಯಾ ಹುಡುಗರನ್ನೂ ಕರೆಯೋಣ. ದುಃಖಿ ಏನು ಹೇಳಿದ ಅನ್ನೋದನ್ನು ಹಿಂದಿ ಬಲ್ಲ ಅವರು ನಮಗೆ ಬಿಡಿಸಿ ಹೇಳಲಿ, ನಮ್ಮ ಬಂಡೆಯ ಕತೆಯನ್ನು ನಾವು ಅವರಿಗೆ ಹೇಳುತ್ತೇವೆ.