ಕೋರ್ಟಿನ ಬಾಗಿಲು ಮುಚ್ಚಿದ್ದ ಕಲಮು

ಗುರುದಿತ್ ಸಿಂಗ್ ಬಾಡಿಗೆಗೆ ಹಿಡಿದಿದ್ದ ಜಪಾನಿ ಹಡಗು ‘ಕೊಮಗಾಟ ಮಾರು’ 1914ರ ಮೇ 23ರಂದು ಕೆನಡಾದ ವ್ಯಾಂಕೂವರ್ ತಲುಪಿತು. ಅದರಲ್ಲಿ 376 ಭಾರತೀಯರಿದ್ದರು. ಬಹುಪಾಲು ಪಂಜಾಬಿನ ಸಿಖ್ಖರು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಿಗೆ ಸಾಮ್ರಾಜ್ಯದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕಿದೆ ಎಂಬುದು ಅವರ ವಾದವಾಗಿತ್ತು.

ಅವರನ್ನು ತಡೆಯುವ ನಿಯಮ ಮೊದಲೇ ಸಿದ್ಧವಿತ್ತು. ಸ್ವದೇಶದಿಂದ ಎಲ್ಲಿಯೂ ಇಳಿಯದೆ ನೇರವಾಗಿ ಬಂದವರಿಗಷ್ಟೇ ಪ್ರವೇಶ ಎಂದು ಕೆನಡಾ 1908ರಲ್ಲೇ ವಿಧಿಸಿತ್ತು. ಆದರೆ ಭಾರತದಿಂದ ಅಲ್ಲಿಗೆ ನೇರ ಹಡಗೇ ಇರಲಿಲ್ಲ! ಜೊತೆಗೆ ಕೈಯಲ್ಲಿ 200 ಡಾಲರ್ ಇರಬೇಕಿತ್ತು. ನಿಯಮದಲ್ಲಿ ಭಾರತದ ಹೆಸರಿರಲಿಲ್ಲ, ಗುರಿ ಮಾತ್ರ ಸ್ಪಷ್ಟವಾಗಿತ್ತು.

ಪ್ರಯಾಣಿಕರ ಆಸೆಗೆ ಕಾರಣವಿಲ್ಲದಿರಲಿಲ್ಲ. ‘ಪನಾಮಾ ಮಾರು’ ಹಡಗಿನಲ್ಲಿ ಬಂದಿದ್ದ ಸಿಖ್ಖರ ಮೊಕದ್ದಮೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಮುಖ್ಯ ನ್ಯಾಯಮೂರ್ತಿ ಹಂಟರ್ 1913ರ ನವೆಂಬರ್‌ನಲ್ಲಿ ಈ ಆದೇಶಗಳನ್ನು ತಳ್ಳಿಹಾಕಿದ್ದರು. ಆದೇಶದ ಪದಗಳು ಮೂಲ ಕಾಯ್ದೆಯ ಪದಗಳಿಗೆ ಹೊಂದುವುದಿಲ್ಲ ಎಂಬುದೇ ಕಾರಣ. ಸರ್ಕಾರ ಪದಗಳನ್ನು ತಿದ್ದಿ ಹೊಸ ಆದೇಶ ಹೊರಡಿಸಿತು.

ಈಗ ಮುನ್ಶಿ ಸಿಂಗ್ ಎಂಬ ರೈತನ ಪ್ರಕರಣ ಎಲ್ಲರ ಪರವಾಗಿ ಪರೀಕ್ಷೆಗೆ ನಿಂತಿತು. ವಲಸೆ ವಿಚಾರಣಾ ಮಂಡಳಿ ಆತನನ್ನು ಹೊರಹಾಕಲು ಆದೇಶಿಸಿತ್ತು. ಕಾಯ್ದೆಯ 23ನೇ ಕಲಮಿನ ಪ್ರಕಾರ, ಕೆನಡಾದ ಪ್ರಜೆಯಲ್ಲದ, ಅಲ್ಲಿ ನೆಲೆಸಿಯೂ ಇರದ ವ್ಯಕ್ತಿಯ ವಿಷಯದಲ್ಲಿ ಮಂಡಳಿಯ ತೀರ್ಮಾನವನ್ನು ಯಾವ ಕೋರ್ಟೂ ಪರಿಶೀಲಿಸುವಂತಿರಲಿಲ್ಲ. ಜುಲೈ 6ರಂದು ಮೇಲ್ಮನವಿ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಸರ್ಕಾರದ ಪರ ತೀರ್ಪಿತ್ತರು. ಜುಲೈ 23ರಂದು ಹಡಗು ಹಿಂತಿರುಗಿತು. ಹಿಂದೆಯೇ ಅಲ್ಲಿ ನೆಲೆಸಿದ್ದ ಕೆಲವರಿಗೆ ಮಾತ್ರ ಇಳಿಯಲು ಅವಕಾಶ ದೊರೆತಿತ್ತು. ಸೆಪ್ಟೆಂಬರ್ 29ರಂದು ಕಲ್ಕತ್ತಾ ಬಳಿಯ ಬಜ್‌ಬಜ್‌ನಲ್ಲಿ ನಡೆದ ಗೋಲಿಬಾರಿಗೆ ಸುಮಾರು 20 ಮಂದಿ ಬಲಿಯಾದರು.

ನ್ಯಾಯಾಂಗ ಪರಿಶೀಲನೆ ಎಂದರೆ ಮೇಲ್ಮನವಿಯಲ್ಲ. ‘ಈತ ಇರಬೇಕೋ, ಹೋಗಬೇಕೋ’ ಎಂದು ಕೋರ್ಟು ತಾನೇ ತೀರ್ಮಾನಿಸುವುದಿಲ್ಲ. ಅಧಿಕಾರಿ ಕಾನೂನಿನ ಮಿತಿಯಲ್ಲಿ ನಡೆದನೇ, ಎದುರಿಗಿದ್ದವನ ಮಾತು ಕೇಳಿದನೇ ಎಂದಷ್ಟೇ ನೋಡುತ್ತದೆ. ಆ ನೋಟವೂ ಬೀಳದಂತೆ ಮಾಡಿದ್ದು 23ನೇ ಕಲಮು.

ಚಿತ್ರ ಬದಲಾಗಲು 71 ವರ್ಷ ಬೇಕಾಯಿತು. ಆಶ್ರಯ ಕೋರಿದವರ ಅರ್ಜಿಗಳನ್ನು ಮುಖಾಮುಖಿ ವಿಚಾರಣೆಯಿಲ್ಲದೆ, ಕೇವಲ ಕಾಗದಪತ್ರ ನೋಡಿ ತಿರಸ್ಕರಿಸುವ ಪದ್ಧತಿ ಕೆನಡಾದಲ್ಲಿತ್ತು. ಅದನ್ನು ಪ್ರಶ್ನಿಸಿದವರಲ್ಲಿ ಹೆಚ್ಚಿನವರು ಮತ್ತೆ ಸಿಖ್ಖರೇ. 1985ರ ಏಪ್ರಿಲ್ 4ರಂದು ಅಲ್ಲಿನ ಸುಪ್ರೀಂ ಕೋರ್ಟು ಆ ಪದ್ಧತಿಯನ್ನು ರದ್ದುಗೊಳಿಸಿತು. ಆರು ನ್ಯಾಯಮೂರ್ತಿಗಳಲ್ಲಿ ಮೂವರು ಸಂವಿಧಾನದ ಹಕ್ಕುಗಳ ಸನ್ನದನ್ನೂ, ಉಳಿದ ಮೂವರು 1960ರ ಹಕ್ಕುಗಳ ಕಾಯ್ದೆಯನ್ನೂ ಆಧರಿಸಿದರು, ಫಲಿತಾಂಶದಲ್ಲಿ ಭೇದವಿರಲಿಲ್ಲ. ಇದರ ಫಲವಾಗಿ 1989ರಲ್ಲಿ ವಲಸೆ ಮತ್ತು ನಿರಾಶ್ರಿತರ ಮಂಡಳಿ ಅಸ್ತಿತ್ವಕ್ಕೆ ಬಂತು. ಅದರ ತೀರ್ಮಾನವನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಬಹುದು, ಆದರೆ ಮೊದಲು ಆ ಕೋರ್ಟಿನ ಅನುಮತಿ ಪಡೆಯಬೇಕು.

‘ಕೊಮಗಾಟ ಮಾರು’ ಪ್ರಕರಣಕ್ಕಾಗಿ 2016ರಲ್ಲಿ ಪ್ರಧಾನಿ ಟ್ರುಡೊ ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಆದರೆ ಹೊಸದಾಗಿ ಬಂದವರಿಗೆ ಕ್ಷಮೆಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು 1985ರ ತೀರ್ಪು. ಬಂದವರನ್ನೆಲ್ಲ ಇಟ್ಟುಕೊಳ್ಳಿ ಎಂದು ಅದು ಹೇಳಲಿಲ್ಲ. ಅವರ ಮಾತು ಕೇಳದೆ ಕಳುಹಿಸಬೇಡಿ ಎಂದಿತು.