ಚೆ (ಚಲನಚಿತ್ರ)
ಅಮೆರಿಕದ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಅವರ ಎರಡು ಭಾಗಗಳ ಜೀವನಚಿತ್ರ (2008). ಅವಧಿ ನಾಲ್ಕು ಗಂಟೆಗೂ ಹೆಚ್ಚು, ಮಾತು ಬಹುಪಾಲು ಸ್ಪ್ಯಾನಿಷ್. ಅರ್ಜೆಂಟೀನಾದಲ್ಲಿ ಹುಟ್ಟಿದ ಕ್ರಾಂತಿಕಾರಿ ಅರ್ನೆಸ್ಟೊ ಚೆ ಗೆವಾರನ ಬರಹಗಳೇ ಇದಕ್ಕೆ ಆಧಾರ. ಮೊದಲ ಭಾಗದಲ್ಲಿ ಕ್ಯೂಬಾ ಕ್ರಾಂತಿಯ ಗೆಲುವಿನ ಕಥೆಯಿದೆ. ನಡುನಡುವೆ ಚೆಯ 1964ರ ನ್ಯೂಯಾರ್ಕ್ ಭೇಟಿಯ ಕಪ್ಪು-ಬಿಳುಪು ದೃಶ್ಯಗಳು ಬರುತ್ತವೆ. ಚಿತ್ರದ ಸತ್ವವಿರುವುದು ಬೊಲಿವಿಯಾದಲ್ಲಿ ಚೆ ಕಂಡ ಸೋಲನ್ನು ಹೇಳುವ ಎರಡನೆಯ ಭಾಗದಲ್ಲಿ. ಔಷಧಿಯಿಲ್ಲದೆ ಉಬ್ಬಸದಿಂದ ಏದುಸಿರು ಬಿಡುವ ನಾಯಕ, ಹಸಿದ ಸಂಗಾತಿಗಳು, ಕೈಜೋಡಿಸಲು ಹೆದರುವ ರೈತರು. ಕೊನೆಗೆ ಲಾ ಇಗೇರಾ ಹಳ್ಳಿಯ ಶಾಲೆಯಲ್ಲಿ 1967ರ ಅಕ್ಟೋಬರ್ 9ರಂದು ಚೆಯ ಹತ್ಯೆ. ಟೀ ಶರ್ಟಿನ ಮೇಲಿನ ಚೆಯ ಮುಖವನ್ನಷ್ಟೇ ಬಲ್ಲವರು ಈ ಭಾಗವನ್ನು ತಾಳ್ಮೆಯಿಂದ ನೋಡಲೇಬೇಕು. ಚೆ ಪಾತ್ರಕ್ಕಾಗಿ ಬೆನಿಸಿಯೊ ಡೆಲ್ ಟೋರೊಗೆ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ದೊರಕಿತು. ಆದರೆ ಕ್ರಾಂತಿ ಗೆದ್ದ ಮೇಲೆ 1959ರಲ್ಲಿ ಹವಾನಾದ ಲಾ ಕಬಾನ್ಯಾ ಕೋಟೆಯಲ್ಲಿ ಚೆಯ ಉಸ್ತುವಾರಿಯಲ್ಲಿ ನಡೆದ ಮರಣದಂಡನೆಗಳನ್ನು ಚಿತ್ರ ತೋರಿಸುವುದಿಲ್ಲ. ಇದು ದೊಡ್ಡ ಕೊರತೆ.